ಸಹಾಯ ಬೇಕು: ಸವಕಳಿಯನ್ನು ಮರಳಿ ಕೂಡಿಸುವುದೇಕೆಂದು ಹೇಗೆ ತಿಳಿಸಲಿ?

ನಮಸ್ಕಾರ. ಸಣ್ಣ ಉದ್ದಿಮೆದಾರರಿಗೂ ಲೆಕ್ಕಪತ್ರದ ಹಿನ್ನೆಲೆಯಿಲ್ಲದ ವ್ಯವಸ್ಥಾಪಕರಿಗೂ ಹಣಕಾಸು ತರಬೇತಿ ನೀಡುವ ಹೊಣೆ ನನ್ನ ಮೇಲಿದೆ. ಲಾಭ-ನಷ್ಟದ ಲೆಕ್ಕವನ್ನೂ ಬ್ಯಾಲೆನ್ಸ್ ಶೀಟನ್ನೂ ಅವರು ಬೇಗ ಗ್ರಹಿಸುತ್ತಾರೆ. ತೊಡಕಿರುವುದು ನಗದು ಹರಿವಿನ ಪಟ್ಟಿಯಲ್ಲಿ, ಅಂದರೆ ಹಣ ಎಷ್ಟು ಒಳಬಂತು, ಎಷ್ಟು ಹೊರಹೋಯಿತು ಎಂದು ತೋರಿಸುವ ಪಟ್ಟಿಯಲ್ಲಿ.

ಗ್ರಾಹಕರಿಂದ ಬರಬೇಕಾದ ಬಾಕಿ ಹೆಚ್ಚಿದ್ದರೆ ಆ ಹೆಚ್ಚಳವನ್ನು ಲಾಭದಿಂದ ಕಳೆಯಬೇಕು, ಸವಕಳಿಯನ್ನು (ಯಂತ್ರದಂಥ ಆಸ್ತಿಯ ಬೆಲೆಯನ್ನು ಅದರ ಬಳಕೆಯ ವರ್ಷಗಳಿಗೆ ಹಂಚಿ ತೋರಿಸುವ ಖರ್ಚನ್ನು) ಲಾಭಕ್ಕೆ ಮರಳಿ ಕೂಡಿಸಬೇಕು, ಸಾಲದ ಬಡ್ಡಿ ಖರ್ಚಾಗಿ ಕಂಡರೂ ಅಸಲಿನ ಮರುಪಾವತಿ ಲಾಭ-ನಷ್ಟದಲ್ಲಿ ಕಾಣುವುದಿಲ್ಲ ಎಂಬುದನ್ನೆಲ್ಲ ವಿವರಿಸಿ, ಲೆಕ್ಕಗಳನ್ನೂ ಮಾಡಿಸಿದ್ದೇನೆ. ಉತ್ತರ ಸರಿಯಾಗಿಯೇ ಬರುತ್ತದೆ. ಆದರೂ ಸವಕಳಿಯಿಂದ ಹಣ ಒಳಬಂದಿತೆಂದೇ ಹಲವರು ಭಾವಿಸುತ್ತಾರೆ. ಅದು ನಗದು ಹೊರಹೋಗದ ಖರ್ಚು ಎಂದರೆ ತಲೆದೂಗುತ್ತಾರೆ, ಮುಂದಿನ ಲೆಕ್ಕದಲ್ಲಿ ಮತ್ತೆ ಅದೇ ಸಂದೇಹ. ಹೀಗೆ ತಿಳಿದವರು ಕೈಯಲ್ಲಿಲ್ಲದ ಹಣವನ್ನು ನಂಬಿ ಸಾಲ ಮಾಡಿಯಾರೆಂಬುದೇ ನನ್ನ ಆತಂಕ.

ಸ್ವೀಕೃತಿ-ಪಾವತಿಗಳನ್ನು ಪಟ್ಟಿ ಮಾಡುವ ನೇರ ವಿಧಾನವನ್ನು ಮೊದಲು ಕಲಿಸಿ, ಬಳಿಕ ಲಾಭದಿಂದ ಆರಂಭವಾಗುವ ಪರೋಕ್ಷ ವಿಧಾನಕ್ಕೆ ಹೋದರೆ ಈ ಗೊಂದಲ ನೀಗುವುದೇ? ಕಲಿಸಿದ ಅನುಭವವಿರುವವರು ದಯವಿಟ್ಟು ತಿಳಿಸಿ.