ಕಾಡು ಸಂಬಂಧಿನೋ, ಕಾಡುನೆಂಟನೋ?

ಎಲ್ರಿಗೂ ನಮಸ್ಕಾರ. ಒಂದು ಪದದ ವಿಚಾರಕ್ಕೆ ನಿಮ್ಮ ಸಹಾಯ ಬೇಕು. ನಾನು ಸಾಗರದ ಹತ್ರದವನು, ನಮ್ಮ ಕಡೆ ತರಕಾರಿ ಬೆಳೆಯೋರಿಗೆ ಅಂತ ನಾಲ್ಕು ಪುಟದ ಒಂದು ಕೈಪಿಡಿ ಬರೀತಾ ಇದೀನಿ, ಬಿಸಿಲು, ಬರ, ರೋಗ ತಡ್ಕೊಳ್ಳೋ ಗುಣನ ಕಾಡುಗಿಡಗಳಿಂದ ತಂದು ತರಕಾರಿ ತಳಿ ಮಾಡೋದರ ಬಗ್ಗೆ. ನಮ್ಮ ಬೆಳೆಗಳಿಗೆ ವಂಶದಲ್ಲಿ ಸಂಬಂಧ ಇರೋ ಇಂಥ ಕಾಡುಗಿಡಕ್ಕೆ ಇಂಗ್ಲಿಷಲ್ಲಿ ಕ್ರಾಪ್ ವೈಲ್ಡ್ ರಿಲೇಟಿವ್ ಅಂತಾರಲ್ಲ, ಅದಕ್ಕೆ "ಕಾಡು ಸಂಬಂಧಿ ಸಸ್ಯ" ಅಂತ ಹಾಕಿದ್ದೆ. ಕರಡು ಓದಿದ ಪಕ್ಕದ್ಮನೆ ಮಾವ "ಇದು ಫಾರೆಸ್ಟಿನವರ ವಿಷಯ ಅಲ್ವನಾ ಮಾರಾಯ, ನಮಗ್ಯಾಕೆ?" ಅಂದ್ರು. ಅವರು ಸರಿಯಾಗೇ ಓದಿದಾರೆ. ಆರೋಗ್ಯ ಸಂಬಂಧಿ, ಜಮೀನು ಸಂಬಂಧಿ ಅಂದ್ರೆ ಅದಕ್ಕೆ ಸಂಬಂಧಪಟ್ಟಿದ್ದು ಅಂತಲೇ ಅಲ್ವಾ. ವನ್ಯ ಅಂತ ಮಾಡಿದ್ರೂ ಅದೇ ಕಥೆ.

ಹಾಗಂತ ಹೆಸರಿನ ಮುಂದೆ ಬರೀ "ಕಾಡು" ಸೇರಿಸಿದ್ರೂ ಸಾಲಲ್ಲ. ಕಾಡುಜೀರಿಗೆಗೂ ಅಡುಗೆಮನೆ ಜೀರಿಗೆಗೂ ರಕ್ತಸಂಬಂಧವೇ ಇಲ್ಲ, ಅದು ಸೇವಂತಿಗೆ ಕುಟುಂಬದ್ದು. ಅದೇ ಸುಂಡೆಕಾಯಿ ನೋಡಿ, ಹೆಸರಲ್ಲಿ ಕಾಡೂ ಇಲ್ಲ ಬದನೆಯೂ ಇಲ್ಲ, ಆದ್ರೆ ಬದನೆಗೆ ಹತ್ತಿರದ ಸಂಬಂಧ. ನಮ್ಮನೆ ಹಿತ್ಲಲ್ಲಿ ಸುಂಡೆ ಗಿಡದ ಬುಡಕ್ಕೆ ಬದನೆ ಕುಡಿ ಕಸಿ ಕಟ್ಟಿದೀನಿ, ಕೆಳಗೆ ಮುಳ್ಳಿನ ಕಾಂಡ, ಗಂಟಿನ ಮೇಲಿಂದ ನುಣ್ಣಗೆ ನೇರಳೆ ಬಣ್ಣ. ಪಕ್ಕದ ಸಾಲಲ್ಲಿದ್ದ ಕಸಿ ಇಲ್ಲದ ಗಿಡಗಳೆಲ್ಲ ಮಳೆಗಾಲದಲ್ಲಿ ಸೊರಗು ರೋಗ ಬಂದು ಹಸಿಹಸಿಯಾಗೇ ಜೋತುಬಿದ್ವು, ಇದು ಮಾತ್ರ ಕಾಯಿ ಬಿಡ್ತಾನೇ ಇದೆ. ಆದ್ರೆ ಕಸಿ ಅಂದ್ರೆ ಬೇರು ಒಬ್ರದ್ದು ಕುಡಿ ಒಬ್ರದ್ದು ಅಷ್ಟೇ, ಬೀಜಕ್ಕೆ ಆ ಗುಣ ಇಳಿಯಲ್ಲ, ಹಾಗಾಗಿ ತಳಿ ಮಾಡೋದಕ್ಕೆ ಕಸಿ ಅನ್ನೋ ಪದ ಬಳಸಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ, ಪೇಪರಲ್ಲಿ ಎರಡನ್ನೂ ಕಲಸಿ ಬರೆದಿದ್ದು ಓದಿದೀನಿ.

ಮೊದಲು "ಕಾಡುದಾಯಾದಿ" ಅಂತ ಯೋಚಿಸಿದ್ದೆ. ಮೂಲ ಒಂದೇ, ಆಸ್ತಿಯಲ್ಲಿ ಪಾಲಿದೆ, ಅರ್ಥ ಚೆನ್ನಾಗೇ ಕೂರುತ್ತೆ. ಆದ್ರೆ ದಾಯಾದಿ ಅಂದ್ರೆ ಜನಕ್ಕೆ ಮೊದಲು ನೆನಪಾಗೋದು ಜಗಳ, ಮತ್ತೆ ದಾಯಾದಿಗಳ ಮಧ್ಯೆ ಹೆಣ್ಣು ಕೊಟ್ಟು ತರೋ ಪದ್ಧತಿ ಇಲ್ಲ. ಇಲ್ಲಿ ನಡೆಯೋದೇ ಕೊಟ್ಟು ತರೋದು! ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ಅನಾಮಿಕ ಬೆಂಡೆ ಹಂಗೇ ಆಗಿದ್ದು, ಊರ ಬೆಂಡೆಗೆ ಕಾಡುಬೆಂಡೆ ಕೂಡಿಸಿ ಹಳದಿ ನಂಜು ರೋಗ ತಡೆಯೋ ಗುಣ ತಂದ್ರು. ಹಾಗೆ ಕೂಡಿಸಿದಾಗ ಕಾಡಿನ ಬೇಡದ ಗುಣಗಳೂ ಜೊತೆಗೆ ಬರ್ತವೆ, ಅದಕ್ಕೆ ಹುಟ್ಟಿದ ಗಿಡನ ಮತ್ತೆ ಮತ್ತೆ ಊರ ತಳಿಗೇ ಕೂಡಿಸ್ತಾ, ಆರಿಸ್ತಾ ಹಲವು ತಲೆಮಾರು ಹೋಗ್ಬೇಕು. ಪಠ್ಯದಲ್ಲಿ ಇದಕ್ಕೆ "ಹಿಮ್ಮುಖ ಸಂಕರಣ" ಅಂತಿದೆ, "ತವರಿಗೆ ಕೂಡಿಸೋದು" ಅಂದ್ರೆ ನಮ್ಮಮ್ಮನಿಗೂ ತಿಳಿಯುತ್ತೆ.

ಅದಕ್ಕೇ ಈಗ "ಕಾಡುನೆಂಟ" ಕಡೆ ವಾಲಿದೀನಿ. ನಂಟು, ನೆಂಟ, ನೆಂಟಸ್ತನ ಬೆಳೆಸೋದು, ಎಲ್ಲ ಒಂದೇ ಎಳೆಯಲ್ಲಿ ಬರ್ತವೆ. ಗಲಾಪಗೋಸ್ ದ್ವೀಪದ ಕಡಲ ದಡದಲ್ಲಿ ಉಪ್ಪು ತಡ್ಕೊಂಡು ಬೆಳೆಯೋ ಟೊಮೆಟೊನೂ ಕಾಡುನೆಂಟ, ಪೆರು ದೇಶದ ಒಣ ಇಳಿಜಾರಿನದೂ ಕಾಡುನೆಂಟ. 2011ರಲ್ಲಿ ನಾರ್ವೆ ಸರ್ಕಾರದ ನೆರವಿಂದ 29 ಬೆಳೆಗಳ ಇಂಥ ನೆಂಟರನ್ನ ಹುಡುಕಿ ಬೀಜ ಕೂಡಿಡೋ ದೊಡ್ಡ ಕೆಲಸ ಶುರುವಾಯ್ತು, ಅದರಲ್ಲಿ ನಮ್ಮ ಬದನೆ, ರಾಗಿ ಎರಡೂ ಇದ್ವು. ಇಷ್ಟು ದೊಡ್ಡ ವಿಷಯಕ್ಕೆ ಕನ್ನಡದಲ್ಲಿ ಬಾಯಿಗೆ ಬರೋ ಒಂದು ಪದ ಬೇಡ್ವಾ?

ನನ್ನ ಪ್ರಶ್ನೆ ಇಷ್ಟು. ಕಾಡುನೆಂಟ ಅಂದ್ರೆ ಬೇರೆ ಜಿಲ್ಲೆಯವರಿಗೆ ಗಿಡ ಅಂತ ಹೊಳೆಯುತ್ತಾ, ಇಲ್ಲ ಕಾಡಲ್ಲಿರೋ ಮನುಷ್ಯ ಅನ್ಸುತ್ತಾ? "ಕಾಡುನೆಂಟ ಗಿಡ" ಅಂತ ಬಿಡಿಸಿ ಬರೆದ್ರೆ ಉದ್ದ ಆಯ್ತಾ? ತೀರ್ಥಹಳ್ಳಿ, ಹೊಸನಗರ ಕಡೆ ಹಿರಿಯರು ಇಂಥ ಗಿಡಗಳಿಗೆ ಒಟ್ಟಾಗಿ ಏನಾದ್ರೂ ಅಂತಿದ್ರಾ, ಕೇಳಿ ತಿಳಿಸಿ. ದೀಪಾವಳಿ ಒಳಗೆ ಪ್ರಿಂಟಿಗೆ ಕೊಡ್ಬೇಕು.