ಸಹಾಯ ಬೇಕು: ತೊರವಿ ಕಡೆ ಸೈಕಲ್‌ಗೆ ಬೇರೆ ದಾರಿ ಇದೆಯಾ?

ನಮಸ್ಕಾರ್ರೀ. ವಿಜಯಪುರದಿಂದ ತೊರವಿ ಕಡೆ ಬೆಳಿಗ್ಗೆ ಸೈಕಲ್ ಹೊಡೆಯುತ್ತೇನೆ. ಈಗ ನಡುವೆ ರಸ್ತೆ ಅಗೆದು ‘ಕಾಮಗಾರಿ ನಡೆದಿದೆ’ ಎಂದು ಬೋರ್ಡ್ ಇಟ್ಟಿದ್ದಾರೆ. ಬದಲಿ ದಾರಿಗೆ ಬಾಣದ ಗುರುತೇನೋ ಇದೆ, ಆದರೆ ಅದು ಲಾರಿಯವರಿಗೆ. ಸೈಕಲ್‌ನವರನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಹೊಲದ ದಾರಿ ಹಿಡಿದರೆ ಎರೆ ಮಣ್ಣು. ಒಣಗಿದ್ದಾಗ ಪರವಾಗಿಲ್ಲ. ಒಂದು ಮಳೆ ಬಿದ್ದರೆ ಸಾಕು, ಬ್ರೇಕಿಗೂ ಟೈರಿಗೂ ನಡುವೆ ತುಂಬಿಕೊಂಡು ಗಾಲಿ ತಿರುಗುವುದೇ ಇಲ್ಲ. ಆಮೇಲೆ ಸೈಕಲ್ಲನ್ನು ನಾವೇ ಹೊರಬೇಕು. ಹೈವೇಗೆ ಮನೆಯಲ್ಲಿ ಬಿಡುವುದಿಲ್ಲ.

ಭೂತನಾಳ ಕೆರೆ ಕಡೆಯಿಂದ ಮಹಿಳಾ ವಿಶ್ವವಿದ್ಯಾಲಯದ ಹತ್ತಿರ ಸೇರುವ ಡಾಂಬರು ಅಥವಾ ಖಡಿ ರಸ್ತೆ ಇದೆಯಾ? ಮ್ಯಾಪ್‌ನಲ್ಲಿ ಗೆರೆ ಕಾಣುತ್ತದೆ, ಅದು ರಸ್ತೆಯೋ ಹೊಲದ ಬದುವೋ ತಿಳಿಯುತ್ತಿಲ್ಲ. ಆ ಕಡೆ ಓಡಾಡುವವರು ಹೇಳಿ. 28 ಎಂಎಂ ಟೈರ್ ಇದೆ, ಅಗಲದ್ದು ಹಾಕಿಸಬೇಕಾ? ನಾಯಿ ಕಾಟ ಜಾಸ್ತಿ ಇದ್ದರೆ ಅದನ್ನೂ ಹೇಳಿಬಿಡಿ.