ಉದ್ದ ಇದ್ರೆ ಸಾಕಾ ಗುರೂ?

ಸೀನ: ಬಾಸ್ಕೆಟ್‌ಬಾಲ್ ಆಟಗಾರ ರಿಕ್ ಸ್ಮಿಟ್ಸ್ ಏಳಡಿ ನಾಲ್ಕಿಂಚು. 2.24 ಮೀಟರ್. ಬುಟ್ಟಿ ಇರೋದು ಹತ್ತಡಿ ಮೇಲೆ. ಕೈ ಎತ್ತಿದ್ರೆ ಮುಗೀತು. ಇಷ್ಟಕ್ಕೆ ಅಮೆರಿಕದ ಇಂಡಿಯಾನಾ ಪೇಸರ್ಸ್ ತಂಡದೋರು ಹನ್ನೆರಡು ವರ್ಷ ಸಂಬಳ ಕೊಟ್ರಾ?

ರಾಮಣ್ಣ: ಕೈ ಎತ್ತೋಕೆ ಬಿಡ್ತಾರೇನಯ್ಯ? ಹಿಂದೆ ನಿಂತೋನು ಮಂಡಿ ಬಗ್ಗಿಸಿ, ನಿನ್ನ ಸೊಂಟಕ್ಕೆ ಮುಂಗೈ ಊರಿ ತಳ್ತಾ ಇರ್ತಾನೆ. ಆಳು ಉದ್ದ ಆದಷ್ಟೂ ಮೈಭಾರ ಮೇಲೆ. ಕೆಳಗಿಂದ ತಳ್ಳೋನಿಗೇ ಲಾಭ. ಬುಟ್ಟಿ ಪಕ್ಕ ನಿಲ್ಲಬೇಕಾದೋನು ಎಂಟು ಹತ್ತು ಅಡಿ ಆಚೆ ಬಂದಿರ್ತಾನೆ. ಅಲ್ಲಿ ಕೈ ಎತ್ತಿ ಏನ್ ಮಾಡ್ತೀಯ, ಬಸ್ ನಿಲ್ಲಿಸ್ತೀಯಾ?

ವನಜಕ್ಕ: ಜೊತೆಗೆ ಬಾಲ್ ಹಿಡಿದಿದ್ದೇ 14ನೇ ವಯಸ್ಸಿಗೆ. ಹುಟ್ಟಿದ್ದು 1966ರಲ್ಲಿ, ಐಂಡ್‌ಹೋವನ್‌ನಲ್ಲಿ. ಪಿಎಸ್‌ವಿ ಫುಟ್‌ಬಾಲ್ ಕ್ಲಬ್ಬಿನ ಊರು ಅದು. ನೆದರ್‌ಲ್ಯಾಂಡ್ಸ್‌ನಲ್ಲಿ ಗಂಡಸರು ಜಗತ್ತಿಗೇ ಉದ್ದ, ಆದರೆ ಮೊದಲ ಪ್ರೀತಿ ಕಾಲಲ್ಲಿ ಒದೆಯೋ ಚೆಂಡಿನ ಮೇಲೆ.

ಸೀನ: ಇರೋ ಉದ್ದಾನೆಲ್ಲ ಬಿಟ್ಟು ಕಾಲನ್ನ ಮಾತ್ರ ಬಳಸೋದು! ಡಚ್ಚರು ಜಿಪುಣರು ಅಂತಾರೆ, ನಿಜ ಇರಬೇಕು.

ರಾಮಣ್ಣ: ಅಲ್ಲಿಂದ ನ್ಯೂಯಾರ್ಕ್ ರಾಜ್ಯದ ಪೌಕೀಪ್ಸಿ ಊರಿನ ಮ್ಯಾರಿಸ್ಟ್ ಕಾಲೇಜು. ಅಲ್ಲಿ ಇವನ ಜೊತೆ ಗ್ವಾಡೆಲೂಪ್‌ನ ರೂಡಿ ಬೂರ್ಗರೆಲ್ ಅಂತ ಇನ್ನೊಬ್ಬ ಏಳಡಿ ಆಸಾಮಿ. ಇವತ್ತಿನ ಬಾಸ್ಕೆಟ್‌ಬಾಲ್ ಆಟಗಾರ ರೂಡಿ ಗೊಬೇರ್‌ನ ಅಪ್ಪ.

ಸೀನ: ಹಾಸ್ಟೆಲ್‌ನಲ್ಲಿ ಇಬ್ಬರಿಗೂ ಒಂದೇ ರೂಮ್ ಕೊಟ್ಟಿದ್ರೆ ಫ್ಯಾನ್ ಬಿಚ್ಚಬೇಕಾಗ್ತಿತ್ತು.

ರಾಮಣ್ಣ: 1988ರ ಡ್ರಾಫ್ಟ್‌ನಲ್ಲಿ, ಅಂದ್ರೆ ತಂಡಗಳು ಸರದಿ ಪ್ರಕಾರ ಹೊಸಬರನ್ನ ಆರಿಸ್ಕೊಳ್ಳೋವಾಗ, ಮೊದಲನೇ ಹೆಸರು ಡ್ಯಾನಿ ಮ್ಯಾನಿಂಗ್, ಎರಡನೇದು ನಮ್ಮ ಸ್ಮಿಟ್ಸ್. ಪೇಸರ್ಸ್‌ಗೆ ಆಗಲೇ ಸ್ಟೀವ್ ಸ್ಟಿಪಾನೊವಿಚ್ ಅಂತ ಸೆಂಟರ್, ಅಂದ್ರೆ ಬುಟ್ಟಿ ಹತ್ರ ಆಡೋ ಉದ್ದನೆ ಆಟಗಾರ, ಇದ್ದ, ಇವನು ಒಂದೆರಡು ವರ್ಷ ಬೆಂಚಲ್ಲಿ ಕೂತು ಕಲೀಲಿ ಅಂತ ಲೆಕ್ಕ. ಸ್ಟಿಪಾನೊವಿಚ್‌ನ ಮಂಡಿ ಕೈಕೊಡ್ತು, ಮತ್ತೆ ಆಡಲೇ ಇಲ್ಲ. ಕಲಿಯೋಕೆ ಬಂದೋನನ್ನ ನೇರ ಅಂಗಳಕ್ಕೆ ಇಳಿಸಿದ್ರು.

ಸೀನ: ಆಮೇಲೆ ಫೌಲ್ ಸುರಿಮಳೆ.

ರಾಮಣ್ಣ: 1989-90ರಲ್ಲಿ ಇಡೀ ಎನ್‌ಬಿಎಗೆ, ಅಂದ್ರೆ ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗಿಗೆ, ಫೌಲ್‌ನಲ್ಲಿ ಸ್ಮಿಟ್ಸೇ ಮೊದಲು. ಆರು ಫೌಲ್ ಆದ್ರೆ ಆಚೆ. ಮೊದಲ ಹತ್ತು ನಿಮಿಷದಲ್ಲಿ ಎರಡು ಬಿದ್ರೆ ಕೋಚ್ ಎತ್ತಿ ಬೆಂಚಿಗೆ ಕೂರಿಸ್ತಾನೆ, ಲಯ ಹೋಯ್ತು. ಉದ್ದನೆಯೋರ ರೋಗ ಇದು: ಕೈ ಮೇಲಿಂದ ಕೆಳಗೆ ಬೀಸಿ ಬ್ಲಾಕ್ ಮಾಡೋಕೆ ಹೋಗ್ತಾರೆ. ಚೆಂಡಿನ ಬದಲು ಮುಂಗೈ ಸಿಗುತ್ತೆ. ಎರಡೂ ಕೈ ನೆಟ್ಟಗೆ ಮೇಲಕ್ಕೆ ಇಟ್ಟು, ಇದ್ದಲ್ಲೇ ನೇರ ಎಗರಬೇಕು. ಎದುರಾಳಿ ತಾನಾಗಿ ಬಂದು ಗುದ್ದಿದ್ರೆ ತಪ್ಪು ಅವನದು. ಎರಡನೇದು, ಎದುರಾಳಿ ಚೆಂಡು ಸುಮ್ಮನೆ ಎತ್ತಿ ತೋರಿಸಿದ ತಕ್ಷಣ ಕಾಲು ನೆಲ ಬಿಡಬಾರದು. ಎಗರಿದೋನು ಗಾಳೀಲಿ ತಿರುಗೋಕಾಗಲ್ಲ.

ವನಜಕ್ಕ: ಈ ಎರಡನೇ ಪಾಠ ನೆನಪಿಟ್ಟುಕೋ ಸೀನ, 1995ಕ್ಕೆ ಬೇಕಾಗುತ್ತೆ.

ಸೀನ: ಆದ್ರೂ ಬುಟ್ಟಿ ತಪ್ಪಿ ಪುಟಿದ ಚೆಂಡು ಹಿಡಿಯೋದು, ಅದೇ ರೀಬೌಂಡ್, ಪಂದ್ಯಕ್ಕೆ ಸರಾಸರಿ 6.1 ಅಕ್ಕ! ಏಳೂಕಾಲಡಿಗೂ ಜಾಸ್ತಿ ಇರೋ ಮನುಷ್ಯ. ಇನ್ನೊಬ್ಬ ಡಚ್ಚ ಸ್ವೆನ್ ನೇಟರ್ 1979-80ರಲ್ಲಿ ಎನ್‌ಬಿಎ ರೀಬೌಂಡ್ ಪಟ್ಟೀಲಿ ಮೊದಲನೆಯೋನು. ಅವನು ಇವನಿಗಿಂತ ಗಿಡ್ಡ.

ರಾಮಣ್ಣ: ಅದು ಒಪ್ಪೋ ಮಾತೇ. ಸ್ಮಿಟ್ಸ್ ರೀಬೌಂಡ್‌ನಲ್ಲಿ ಸುಮಾರೇ. ರೀಬೌಂಡ್ ಕೈಯಿಂದ ಹಿಡಿಯೋದಲ್ಲ, ಪೃಷ್ಠದಿಂದ ಹಿಡಿಯೋದು. ಶಾಟ್ ಹೋದ ಕೂಡಲೇ ಎದುರಾಳಿ ಕಡೆ ಬೆನ್ನು ತಿರುಗಿಸಿ, ಅಗಲವಾಗಿ ಕೂತಂಗೆ ನಿಂತು ಜಾಗ ಕಟ್ಟಬೇಕು. ಅದಕ್ಕೆ ಪೇಸರ್ಸ್‌ನಲ್ಲಿ ಡೇಲ್ ಡೇವಿಸ್, ಆಂಟೋನಿಯೊ ಡೇವಿಸ್ ಇದ್ರು. ಇವನ ಕೆಲಸ ಬೇರೆ. ಹದಿನೈದಡಿ ದೂರ ಬಂದು ನಿಂತು ಜಂಪ್ ಶಾಟ್ ಹಾಕ್ತಿದ್ದ. ಚೆಂಡು ಕೈ ಬಿಡೋ ಎತ್ತರಕ್ಕೆ ಯಾರ ಬೆರಳೂ ಹೋಗ್ತಿರಲಿಲ್ಲ. ಎದುರು ತಂಡದ ಸೆಂಟರ್ ಪ್ಯಾಟ್ರಿಕ್ ಯೂಯಿಂಗ್‌ನಂಥೋನೂ ಬುಟ್ಟಿ ಬಿಟ್ಟು ಆಚೆ ಬರಲೇಬೇಕು. ಬರದಿದ್ರೆ ಎರಡು ಪಾಯಿಂಟ್. ಬಂದ್ರೆ ಒಳಗೆ ಖಾಲಿ, ಜೊತೆಗಾರ ರೆಗ್ಗಿ ಮಿಲ್ಲರ್ ನುಗ್ಗೋಕೆ ದಾರಿ.

ವನಜಕ್ಕ: ಫೌಲ್ ಆದಾಗ ಅಡ್ಡಿ ಇಲ್ಲದೆ ಎಸೆಯೋ ಫ್ರೀ ಥ್ರೋ ನೋಡು, ವೃತ್ತಿಯುದ್ದಕ್ಕೂ ನೂರಕ್ಕೆ 77. ಅದೇ ಕಾಲದ ಇನ್ನೊಬ್ಬ ಸೆಂಟರ್ ಶಾಕ್ ಓನೀಲ್ 53ರ ಹತ್ತಿರ.

ಸೀನ: ಶಾಕ್ ಹತ್ರ ನಾಲ್ಕು ಚಾಂಪಿಯನ್ ಉಂಗುರ ಇದೆಯಲ್ಲಕ್ಕ.

ವನಜಕ್ಕ: ಬಾಯ್ಮುಚ್ಚು.

ರಾಮಣ್ಣ: ಈಗ 1995. ಪೂರ್ವ ವಿಭಾಗದ ಫೈನಲ್, ನಾಲ್ಕನೇ ಪಂದ್ಯ, ಒರ್ಲಾಂಡೊ ಎದುರು. ಕೊನೇ ಹದಿಮೂರು ಚಿಲ್ಲರೆ ಸೆಕೆಂಡಲ್ಲಿ ಮುನ್ನಡೆ ನಾಲ್ಕು ಸಲ ಕೈ ಬದಲಾಯ್ತು. ಒರ್ಲಾಂಡೊದ ಬ್ರಯನ್ ಶಾ ಮೂರು ಪಾಯಿಂಟ್ ಹಾಕಿದ. ರೆಗ್ಗಿ ಮೂರು ಹಾಕಿದ. ಒರ್ಲಾಂಡೊದ ಪೆನ್ನಿ ಹಾರ್ಡವೇ ಮತ್ತೆ ಮೂರು. 93-92, ಒರ್ಲಾಂಡೊ ಮುಂದೆ. ಉಳಿದಿದ್ದು 1.3 ಸೆಕೆಂಡು.

ಸೀನ: ಅಷ್ಟರಲ್ಲಿ ಸೀನೂ ಬರಲ್ಲ.

ರಾಮಣ್ಣ: ಬೇಕಾದಷ್ಟು ಸಮಯ ಅದು! ಹೊರಗಿಂದ ಎಸೆದ ಚೆಂಡನ್ನ ಅಂಗಳದೊಳಗಿನೋನು ಮುಟ್ಟಿದಾಗಲೇ ಗಡಿಯಾರ ಓಡೋದು. 0.3 ಉಳಿದಿದ್ರೂ ಹಿಡಿದು ಎಸೆಯಬಹುದು, ಅದಕ್ಕಿಂತ ಕಮ್ಮಿ ಆದ್ರೆ ಬರೀ ತಟ್ಟಬಹುದು. 1.3ರಲ್ಲಿ ಡ್ರಿಬಲ್ ಮಾಡದಿದ್ರೆ ಹಿಡಿಯೋದು, ಒಂದು ಸುಳ್ಳು ತೋರಿಸೋದು, ಎಸೆಯೋದು, ಮೂರೂ ಆಗುತ್ತೆ. ಚೆಂಡು ಬುಟ್ಟಿಗೆ ಬೀಳೋದು ಆಮೇಲಾದ್ರೂ ಸರಿ, ಕೈ ಬಿಟ್ಟಿರಬೇಕು ಅಷ್ಟೇ. ಪೇಸರ್ಸ್‌ನ ಡೆರಿಕ್ ಮೆಕ್ಕೀ ಪಾಸ್ ಕೊಟ್ಟ. ಸ್ಮಿಟ್ಸ್ ಹಿಡಿದು ಚೆಂಡು ಎತ್ತಿ ತೋರಿಸಿದ. ಎದುರಿಗಿದ್ದ ಟ್ರೀ ರೋಲಿನ್ಸ್‌ಗೆ 39 ವರ್ಷ, ಎಷ್ಟೋ ಜನರನ್ನ ನೋಡಿದೋನು. ಆದ್ರೂ ಎಗರಿಬಿಟ್ಟ.

ಸೀನ: ಎರಡನೇ ಪಾಠ!

ರಾಮಣ್ಣ: ಹ್ಞೂಂ. ಅವನು ಇಳಿಯೋ ಹೊತ್ತಿಗೆ 94-93.

ಸೀನ: ಸರಣಿ ಗೆದ್ದಿದ್ದು?

ರಾಮಣ್ಣ: ...ಒರ್ಲಾಂಡೊ. 4-3.

ಸೀನ: ಉಂಗುರ ಬಂದಿರಲ್ಲ ಅಂತ ನಾನು ಆವಾಗ್ಲೇ ಅಂದೆ.

ವನಜಕ್ಕ: ಉಂಗುರ ಬಿಡು, ಪಾದ ನೋಡು. ಅವನ ಆಟದ ನಿಜವಾದ ಲೆಕ್ಕ ಇರೋದು ಅಲ್ಲಿ. ಪಾದದ ನರದ ತೊಂದರೆ. 1996-97ರಲ್ಲಿ 82 ಪಂದ್ಯದಲ್ಲಿ 52 ಮಾತ್ರ ಆಡಿದ. ಬೆರಳ ಬುಡದ ಮೂಳೆಗಳ ನಡುವೆ ನರ ಹಾದುಹೋಗುತ್ತೆ. ಶೂ ಮುಂಭಾಗ ಇಕ್ಕಟ್ಟಾಗಿದ್ರೆ ಮೂಳೆಗಳು ಒತ್ತುತ್ತೆ. ಮೊದಲು ಉರಿ, ಆಮೇಲೆ ಜೋಮು. ಸೆಂಟರ್ ಆಟಗಾರ ಬೆನ್ನು ಕೊಟ್ಟು ಗಿರಕ್ಕನೆ ತಿರುಗೋದು ಅದೇ ಜಾಗದ ಮೇಲೆ. ನೋವಾಯ್ತು ಅಂತ ಭಾರ ಹೊರಅಂಚಿಗೆ ಹಾಕಿದ್ರೆ ಹರಡು ಕೆಡುತ್ತೆ, ಆಮೇಲೆ ಮಂಡಿ, ಆಮೇಲೆ ಸೊಂಟ.

ಸೀನ: ಉದ್ದನೆ ಹುಡುಗರಿಗೆ ಏನ್ ಮಾಡಬೇಕಕ್ಕ ಹಂಗಾದ್ರೆ?

ವನಜಕ್ಕ: ಸಾಯಂಕಾಲ ಅಳತೆ ತಗೋ, ಆಗ ಪಾದ ಸ್ವಲ್ಪ ಊದಿರುತ್ತೆ. ಕೂತಲ್ಲ, ನಿಂತು. ಎರಡೂ ಕಾಲು, ದೊಡ್ಡದಕ್ಕೆ ಶೂ ತಗೋ. ಆಡೋ ಸಾಕ್ಸ್ ಹಾಕ್ಕೊಂಡೇ ನೋಡು. ಉದ್ದನೆ ಬೆರಳ ಮುಂದೆ ಒಂದು ಹೆಬ್ಬೆರಳ ಅಗಲ ಜಾಗ ಇರಬೇಕು. ಉದ್ದಕ್ಕಿಂತ ಅಗಲ ಮುಖ್ಯ. ಒಳಗಿನ ಅಟ್ಟೆ ಈಚೆ ತೆಗೆದು ಅದರ ಮೇಲೆ ನಿಲ್ಲು. ಪಾದ ಅಂಚು ದಾಟಿದ್ರೆ ಆ ಶೂ ನಿಂದಲ್ಲ. ಬೆಳೆಯೋ ವಯಸ್ಸಲ್ಲಿ ಮೂರು ತಿಂಗಳಿಗೊಮ್ಮೆ ಅಳೀಬೇಕು. 'ಇನ್ನೂ ಹೊಸದಾಗೇ ಇದೆ, ಹಾಕ್ಕೋ' ಅನ್ನೋ ಅಪ್ಪಂದಿರೇ ಅರ್ಧ ಸಮಸ್ಯೆ.

ರಾಮಣ್ಣ: ಆ ಪಾದದಲ್ಲೇ 867 ಪಂದ್ಯ, 12,871 ಪಾಯಿಂಟ್, ಎಲ್ಲಾ ಒಂದೇ ತಂಡಕ್ಕೆ. 1998ರಲ್ಲಿ ಆಲ್-ಸ್ಟಾರ್. 2000ದಲ್ಲಿ ಕೊನೆಗೂ ಎನ್‌ಬಿಎ ಫೈನಲ್. ಲ್ಯಾರಿ ಬರ್ಡ್ ಕೋಚ್. ಎದುರಿಗೆ ಶಾಕ್ ಓನೀಲ್, ಆ ಸರಣೀಲಿ ಸರಾಸರಿ 38 ಪಾಯಿಂಟ್ ಹೊಡೆದ. ಅವನ ತಂಡ ಲೇಕರ್ಸ್ 4-2ರಲ್ಲಿ ಗೆಲ್ತು. ಸ್ಮಿಟ್ಸ್ ನಿವೃತ್ತಿ.

ಸೀನ: ಆಮೇಲೆ ಪಾದಕ್ಕೆ ಆರಾಮ.

ರಾಮಣ್ಣ: ಎಲ್ಲಿ ಆರಾಮ! ಮೋಟೊಕ್ರಾಸ್ ಇಳಿದ. ಮಣ್ಣಿನ ದಾರೀಲಿ ಹಳೇ ಕಾಲದ ಬೈಕ್‌ಗಳ ರೇಸು.

ಸೀನ: ಏನು? ಆ ಆಳು ಬೈಕ್ ಮೇಲಾ? ಬೈಕ್ ಅವನ ಮೇಲಾ?

ರಾಮಣ್ಣ: ಆ ಎತ್ತರದೋರಿಗೆ ಹ್ಯಾಂಡಲ್ ಮೇಲೆತ್ತಬೇಕು, ಸೀಟಿಗೆ ದಪ್ಪ ಫೋಮ್ ಹಾಕಬೇಕು, ಫುಟ್‌ಪೆಗ್ ಕೆಳಗೆ ಹಿಂದಕ್ಕೆ ಸರಿಸಬೇಕು. ಇಲ್ಲಾಂದ್ರೆ ನಿಂತು ಓಡಿಸೋವಾಗ ಬೆನ್ನು ಬಗ್ಗಿ ಮಂಡಿ ಹ್ಯಾಂಡಲ್‌ಗೆ ತಾಗುತ್ತೆ.

ವನಜಕ್ಕ: ಗೇರ್ ಲಿವರ್‌ನೂ ಮುಂದಕ್ಕೆ, ಮೇಲಕ್ಕೆ ಜರುಗಿಸಬೇಕು. ಆ ಸೈಜಿನ ಬೂಟು ಅದರಡಿ ನುಸುಳಬೇಕಲ್ಲ.

ಸೀನ: ಅಲ್ಲೂ ಶೂನೇ ಸಮಸ್ಯೆ! ಲಿವರ್ ಬೇಡ ರಾಮಣ್ಣ, ಗೇರಿಲ್ಲದ ಸ್ಕೂಟರ್ ಕೊಡಿಸಿ ಅವನಿಗೆ.